ಅತ್ತೆಯವರೊಂದಿಗೆ ಪುಷ್ಕರ ಯಾತ್ರೆ: ಹುಣ್ಣಿಮೆಗೋ, ಹುಣ್ಣಿಮೆ ಕಳೆದ ಮೇಲೋ?

ಮಲಪ್ರಭೆ:
ಎಲ್ಲರಿಗೂ ನಮಸ್ಕಾರ. 2026ರ ಕಾರ್ತಿಕದಲ್ಲಿ ಅತ್ತೆಯವರನ್ನು ರಾಜಸ್ಥಾನದ ಪುಷ್ಕರಕ್ಕೆ ಕರೆದುಕೊಂಡು ಹೋಗಬೇಕಾಗಿದೆ. ಅವರಿಗೆ ಎಪ್ಪತ್ತು ದಾಟಿದೆ. ಮಂಡಿ ಕೈಕೊಟ್ಟಿದೆ, ಹಟ ಮಾತ್ರ ಹಾಗೆಯೇ ಇದೆ. ಕಾಶಿ, ಬದರಿ, ದ್ವಾರಕೆ ಎಲ್ಲ ಆಗಿವೆ. ‘ಚತುರ್ಮುಖ ಬ್ರಹ್ಮದೇವರ ದರ್ಶನ ಒಂದು ಬಾಕಿ ಉಳಿದಿದೆ’ ಎಂದು ಎರಡು ವರ್ಷದಿಂದ ಹೇಳುತ್ತಿದ್ದಾರೆ. ನಮ್ಮದು ಮಾಧ್ವರ ಮನೆ. ಮುಂದಿನ ಕಲ್ಪದಲ್ಲಿ ಬ್ರಹ್ಮಪದವಿಗೆ ಬರುವವರು ವಾಯುದೇವರು ಎನ್ನುವ ಲೆಕ್ಕವೂ ಅವರ ಈ ಆಸೆಯ ಹಿಂದೆ ಇದೆ.

ತೊಂದರೆ ಇಷ್ಟು: ಕಾರ್ತಿಕ ಹುಣ್ಣಿಮೆ ನವೆಂಬರ್ 24ಕ್ಕೆ ಬರುತ್ತದೆ. ಅದಕ್ಕೆ ಮೊದಲು ಉತ್ಥಾನ ದ್ವಾದಶಿ. ಮನೆಯ ತುಳಸಿ ಹಬ್ಬ ಬಿಟ್ಟು ಅತ್ತೆ ಹೊಸಿಲು ದಾಟುವವರಲ್ಲ. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋದರೆ ಹುಣ್ಣಿಮೆಗೆ ಮುಟ್ಟುವುದೇ ಕಷ್ಟ. ಆ ಹೊತ್ತಿಗೆ ಅಲ್ಲಿ ನಡೆಯುವ ಮೇಳದ ಜನಜಂಗುಳಿಯಲ್ಲಿ ಅವರಿಗೆ ಸರೋವರದ ಸ್ನಾನ ಮಾಡಿಸುವುದು ಹೇಗೆ? ಸ್ನಾನಘಟ್ಟದಲ್ಲಿ ಪೂಜೆ ಮಾಡಿಸುವ ಪಂಡಾಗಳ ಬಗ್ಗೆಯೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಹಳೇ ಟ್ರಂಕು:
ಹುಣ್ಣಿಮೆಗೆ ಹೋಗುವುದಾದರೆ ಹುಣ್ಣಿಮೆಗೇ ಹೋಗಬೇಕು. ಕಾರ್ತಿಕ ಶುದ್ಧ ಏಕಾದಶಿಯಿಂದ ಹುಣ್ಣಿಮೆಯವರೆಗಿನ ಐದು ದಿನ ಬ್ರಹ್ಮನು ಅಲ್ಲಿ ಯಜ್ಞ ಮಾಡಿದನೆಂದು ಸ್ಥಳಪುರಾಣ. ಮಹಾಭಾರತದ ಅರಣ್ಯಪರ್ವದಲ್ಲಿ ಪುಲಸ್ತ್ಯರು ಭೀಷ್ಮನಿಗೆ ತೀರ್ಥಗಳನ್ನು ವಿವರಿಸುವಾಗ ಮೊದಲು ಎತ್ತಿಕೊಳ್ಳುವುದೇ ಪುಷ್ಕರವನ್ನು. ನೂರು ವರ್ಷದ ಅಗ್ನಿಹೋತ್ರವೂ ಪುಷ್ಕರದಲ್ಲಿ ಕಳೆದ ಒಂದು ಕಾರ್ತಿಕ ಹುಣ್ಣಿಮೆಯೂ ಸಮ ಎನ್ನುವ ಮಾತು ಅಲ್ಲಿಯೇ ಇದೆ. ಹಾಗೆಂದು ಎಪ್ಪತ್ತು ದಾಟಿದವರನ್ನು ಆ ಗುಂಪಿಗೆ ತಳ್ಳಿ ಎಂದು ನಾನು ಹೇಳುವುದಿಲ್ಲ. ಅದೇ ಪುಲಸ್ತ್ಯರು, ಪುಷ್ಕರಕ್ಕೆ ಹೋಗುವುದು ಕಷ್ಟ, ಅಲ್ಲಿ ತಪಸ್ಸು ಕಷ್ಟ, ದಾನ ಕಷ್ಟ, ವಾಸ ಎಲ್ಲಕ್ಕಿಂತ ಕಷ್ಟ ಎಂದೂ ಎಚ್ಚರಿಸಿದ್ದಾರೆ. ಮೇಳದ ವಾರದಲ್ಲಿ ಅಲ್ಲಿನ ಹೋಟೆಲ್ ಬಾಡಿಗೆ ನೋಡಿದವರಿಗೆ ಆ ಕೊನೆಯ ಮಾತಿಗೆ ಭಾಷ್ಯ ಬೇಕಿಲ್ಲ.

ಅಜ್ಮೇರಿನ ಕನ್ನಡಿಗ:
ನೌಕರಿಯ ಕಾರಣ ಅಜ್ಮೇರಿನಲ್ಲಿ ಇದ್ದೇನೆ. ಊರಿನಿಂದ ಬಂದ ನೆಂಟರನ್ನೆಲ್ಲ ಪುಷ್ಕರಕ್ಕೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೇ ಬಂದಿದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅಜ್ಮೇರಿನಿಂದ ಪುಷ್ಕರ ಸುಮಾರು 15 ಕಿ.ಮೀ. ನಡುವೆ ನಾಗ ಪಹಾಡ್ ಎಂಬ ಬೆಟ್ಟಸಾಲು ಇದೆ, ಅರಾವಳಿಯದೇ ಒಂದು ಎಳೆ. ಬಸ್ಸು ಆ ಘಾಟಿ ಹತ್ತಿ ಇಳಿದರೆ ನೆಲದ ಬಣ್ಣವೇ ಬೇರೆ: ಒಣಗಿದ ಗುಡ್ಡ, ಜಾಲಿ, ಮರಳು, ನಡುವೆ ಗುಲಾಬಿ ತೋಟ. 2012ರಲ್ಲಿ ಅಜ್ಮೇರ್–ಪುಷ್ಕರ ರೈಲು ಮಾರ್ಗವೂ ಆಯಿತು, ಆದರೆ ಗಾಡಿಗಳು ಕಡಿಮೆ. ಅದನ್ನು ನಂಬಿ ಕೂರಬೇಡಿ, ಬಸ್ಸು ಅಥವಾ ಟ್ಯಾಕ್ಸಿಯೇ ಸರಿ.

ಮೇಳ ಎಂದು ಎಲ್ಲರೂ ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ ಎರಡು ಮೇಳಗಳಿವೆ. ಮೊದಲು ಬರುವುದು ಜಾನುವಾರು: ಒಂಟೆ, ಕುದುರೆ, ದನ. ಊರ ಹೊರಗಿನ ಮರಳಿನಲ್ಲಿ ಬೀಡು ಬಿಟ್ಟು, ವ್ಯಾಪಾರ ಮುಗಿಸಿ, ಹುಣ್ಣಿಮೆ ಹತ್ತಿರ ಬರುವಷ್ಟರಲ್ಲಿ ಮಾಲೀಕರು ಗಂಟುಮೂಟೆ ಕಟ್ಟಿರುತ್ತಾರೆ. ಅವರು ಹೊರಡುವ ಹೊತ್ತಿಗೆ ಸ್ನಾನದ ಜನ ಬಂದು ತುಂಬುತ್ತಾರೆ. ಒಂಟೆ ನೋಡಲು ಹುಣ್ಣಿಮೆಗೆ ಬಂದವರು ಜನರನ್ನು ನೋಡಿ ಹಿಂದಿರುಗುತ್ತಾರೆ. ನಿಮ್ಮ ಅತ್ತೆಯವರಿಗೆ ಒಂಟೆಯ ಹಂಗಿಲ್ಲವಾದ್ದರಿಂದ ಆ ಚಿಂತೆ ಇಲ್ಲ. ಆದರೆ ಹುಣ್ಣಿಮೆಯ ಮುಂಜಾವ ಸರೋವರದ ಸುತ್ತಲಿನ ಗಲ್ಲಿಗಳಲ್ಲಿ ನೀವು ನಡೆಯುವುದಿಲ್ಲ, ಜನ ನಿಮ್ಮನ್ನು ನಡೆಸುತ್ತಾರೆ. ಮಂಡಿನೋವಿನವರಿಗೆ ಅದು ಆಗುವ ಮಾತಲ್ಲ.

ಸರೋವರದ ಸುತ್ತ 52 ಘಟ್ಟಗಳಿವೆ. ಹೆಚ್ಚಿನವರು ಹೋಗುವುದು ವರಾಹ ಘಟ್ಟ, ಬ್ರಹ್ಮ ಘಟ್ಟ, ಗೌ ಘಟ್ಟಗಳಿಗೆ. ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು ಬಿಟ್ಟದ್ದು ಗೌ ಘಟ್ಟದಲ್ಲಿ. ಪಾದರಕ್ಷೆಯನ್ನು ಮೆಟ್ಟಿಲಿಗೆ ಬಹಳ ಮೊದಲೇ ಬಿಡಬೇಕು, ಸ್ನಾನದ ಕಡೆ ಕ್ಯಾಮೆರಾ ತಿರುಗಿಸುವಂತಿಲ್ಲ. ಮೆಟ್ಟಿಲ ಮೇಲೆ ಪಾರಿವಾಳದ ಕಾಳು, ಹಿಕ್ಕೆ, ನೀರು ಎಲ್ಲ ಸೇರಿ ಜಾರುತ್ತದೆ. ಅತ್ತೆಯವರನ್ನು ಕೊನೆಯ ಮೆಟ್ಟಿಲಿಗೆ ಇಳಿಸಬೇಡಿ. ನೀರಿಗೆ ಒಂದು ಮೆಟ್ಟಿಲು ಮೇಲೆ ಕೂರಿಸಿ, ತಂಬಿಗೆಯಲ್ಲಿ ಎತ್ತಿ ಹಾಕಿ. ತಂಬಿಗೆ ಮನೆಯಿಂದಲೇ ಒಯ್ಯಿರಿ.

ಖಾರದ ಕಡ್ಡಿ:
ಪಂಡಾಗಳ ವಿಷಯ ಯಾರೂ ಬಿಡಿಸಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ಬೀದಿಯಲ್ಲಿ ನಡೆಯುತ್ತಿರುವಾಗಲೇ ಒಬ್ಬ ಬಂದು ಅಂಗೈಯಲ್ಲಿ ನಾಲ್ಕು ಗುಲಾಬಿ ದಳ ಇಡುತ್ತಾನೆ. ‘ದಕ್ಷಿಣೆ ಏನೂ ಬೇಡ, ಹೂವನ್ನು ನೀರಿಗೆ ಬಿಡಿ ಸಾಕು’ ಎನ್ನುತ್ತಾನೆ. ಹೂವನ್ನು ಬೀದಿಯಲ್ಲಿ ಬಿಸಾಡಲು ನಮ್ಮ ಕೈ ಬರುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಘಟ್ಟಕ್ಕೆ ಇಳಿದರೆ ಇನ್ನೊಬ್ಬ ತಟ್ಟೆ ಹಿಡಿದು ಕುಳಿತಿರುತ್ತಾನೆ: ತೆಂಗಿನಕಾಯಿ, ಕುಂಕುಮ, ಸಕ್ಕರೆ, ಕೆಂಪು ದಾರ. ಗೋತ್ರ ಕೇಳುತ್ತಾನೆ. ಆಮೇಲೆ ತಂದೆಯ ಹೆಸರು, ತಾಯಿಯ ಹೆಸರು, ಅಣ್ಣತಮ್ಮಂದಿರು, ಮಕ್ಕಳು. ‘ಹೇಳಿದಂತೆ ಹೇಳಿ’ ಎಂದು ಸಂಕಲ್ಪ ಮಾಡಿಸುತ್ತಾ ಹೋಗುತ್ತಾನೆ. ನೀವು ಕಣ್ಣು ಮುಚ್ಚಿ ಭಕ್ತಿಯಿಂದ ಹೇಳುತ್ತಿರುವಾಗಲೇ ಆ ಸಂಸ್ಕೃತದ ನಡುವೆ ಒಂದು ಹಿಂದಿ ವಾಕ್ಯ ನುಸುಳುತ್ತದೆ: ಇಷ್ಟು ಬ್ರಾಹ್ಮಣರ ಭೋಜನಕ್ಕೆ ಇಷ್ಟು ರೂಪಾಯಿ ಕೊಡುತ್ತೇನೆ ಎಂದು. ನೀವು ಅದನ್ನೂ ಹೇಳಿಬಿಟ್ಟಿರುತ್ತೀರಿ! ಕೈಯಲ್ಲಿ ನೀರು ಹಿಡಿದು ಹೇಳಿದ ಮಾತು, ಹೇಗೆ ತಪ್ಪುತ್ತೀರಿ? ನಮ್ಮ ತಂದೆಯವರಿಗೆ ಹೀಗೇ ಆಯಿತು. ತಟ್ಟೆಗೆ ಹಾಕಿದ ನೋಟನ್ನು ನೋಡಿ ಆತ, ‘ಮನೆಯವರೆಲ್ಲರ ಆಯಸ್ಸಿಗೆ ಇಷ್ಟೆಯೇ?’ ಎಂದ. ದೇವರ ಎದುರು ಚೌಕಾಸಿ ಮಾಡಿಸುವ ಈ ವಿದ್ಯೆಗೆ ನಾನು ಯಾವ ಮರ್ಯಾದೆಯನ್ನೂ ಕೊಡಲಾರೆ.

ಅಜ್ಮೇರಿನ ಕನ್ನಡಿಗ:
ಖಾರದ ಕಡ್ಡಿಯವರು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕೈಗೆ ಕಟ್ಟುವ ಆ ಕೆಂಪು ದಾರಕ್ಕೆ ಅಲ್ಲಿ ‘ಪುಷ್ಕರ ಪಾಸ್‌ಪೋರ್ಟ್’ ಎಂದೇ ಹೆಸರು. ಒಮ್ಮೆ ಕಟ್ಟಿಸಿಕೊಂಡರೆ ಉಳಿದವರು ಬೆನ್ನು ಹತ್ತುವುದಿಲ್ಲ. ಆದರೆ ಬೀದಿಯಲ್ಲಿ ಹೂವು ಹಿಡಿಸುವವನೂ ತೀರ್ಥಪುರೋಹಿತನೂ ಒಬ್ಬನೇ ಅಲ್ಲ. ಪುರೋಹಿತರ ಮನೆತನಗಳು ಯಜಮಾನರ ವಂಶಾವಳಿಯನ್ನು ತಲೆಮಾರುಗಳಿಂದ ಬಹಿಗಳಲ್ಲಿ ಬರೆದಿಟ್ಟುಕೊಂಡು ಬಂದಿವೆ. ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಪುಸ್ತಕ. ಊರು, ಜಾತಿ ಹೇಳಿದರೆ ಹಾಳೆ ಮಗುಚಿ, ಮುತ್ತಜ್ಜ ಬಂದು ಹೋದದ್ದನ್ನು ತೋರಿಸುತ್ತಾರೆ. ನನ್ನ ಪಕ್ಕದ ಮನೆಯ ಮಾರವಾಡಿ ಯಜಮಾನರು ತಮ್ಮ ಅಜ್ಜನ ರುಜು ನೋಡಿ ಅಲ್ಲೇ ಕುಳಿತುಬಿಟ್ಟರು.

ನಾನು ನೆಂಟರಿಗೆ ಹೇಳುವುದು ಇಷ್ಟೆ. ಬೀದಿಯಲ್ಲಿ ಯಾರು ಏನು ಕೊಟ್ಟರೂ ಕೈ ಚಾಚಬೇಡಿ, ಕೈ ಮುಗಿದು ಮುಂದೆ ನಡೆಯಿರಿ. ಉಳಿದುಕೊಂಡ ಧರ್ಮಶಾಲೆಯವರ ಮೂಲಕ ಪುರೋಹಿತರನ್ನು ಗೊತ್ತು ಮಾಡಿ. ಪೂಜೆಗೆ ಕೂರುವ ಮೊದಲೇ, ನೀರು ಕೈಗೆ ತೆಗೆದುಕೊಳ್ಳುವ ಮೊದಲೇ, ದಕ್ಷಿಣೆ ಇಷ್ಟು, ಸಂಕಲ್ಪದಲ್ಲಿ ಹಣದ ಮಾತು ಬರಕೂಡದು ಎಂದು ಹೇಳಿಬಿಡಿ. ಇಲ್ಲವೇ ಸಂಕಲ್ಪವನ್ನು ಅತ್ತೆಯವರೇ ಹೇಳಿಕೊಳ್ಳಲಿ. ಧಾರವಾಡ ಕಡೆಯ ಮಡಿ ಹೆಂಗಸರಿಗೆ ಸ್ನಾನಸಂಕಲ್ಪ ಹೇಳಿಕೊಡಲು ಪುಷ್ಕರದ ಪಂಡಾ ಬೇಕಿಲ್ಲ.

ಮಲಪ್ರಭೆ:
ಕೊನೆಯ ಸಾಲನ್ನು ಅತ್ತೆಯವರಿಗೆ ಓದಿ ಹೇಳಿದೆ. ‘ಇವರು ಯಾರ ಪೈಕಿ, ಕೇಳು’ ಎಂದರು. ತುಂಬಾ ಖುಷಿಯಾಗಿದ್ದಾರೆ.

ಪಂಚಾಂಗದ ಪುಟ:
ಮಲಪ್ರಭೆಯವರೇ, ನಿಮ್ಮ ಗಂಟು ಪಂಚಾಂಗದಲ್ಲಿಯೇ ಬಿಚ್ಚಿಕೊಳ್ಳುತ್ತದೆ. ರಾಜಸ್ಥಾನದಲ್ಲಿ ತಿಂಗಳು ಮುಗಿಯುವುದು ಹುಣ್ಣಿಮೆಗೆ, ನಮ್ಮಲ್ಲಿ ಅಮಾವಾಸ್ಯೆಗೆ. ಅವರ ಕಾರ್ತಿಕ ದೀಪಾವಳಿಗೆ ಹದಿನೈದು ದಿನ ಮೊದಲೇ ಹಿಡಿದು ಹುಣ್ಣಿಮೆಗೆ ಮುಗಿದುಹೋಗುತ್ತದೆ. ನಮ್ಮದು ಬಲಿಪಾಡ್ಯಮಿಗೆ ಹಿಡಿದು ಛಟ್ಟಿ ಅಮಾವಾಸ್ಯೆಯವರೆಗೆ ನಡೆಯುತ್ತದೆ. ಎಂದರೆ ಹುಣ್ಣಿಮೆಯ ಮರುದಿನ ಪುಷ್ಕರದವರಿಗೆ ಮಾರ್ಗಶಿರ, ನಿಮ್ಮ ಅತ್ತೆಯವರಿಗೆ ಇನ್ನೂ ಕಾರ್ತಿಕ. ಮೇಳ ಮುಗಿದು ಊರು ಖಾಲಿಯಾಗಿರುತ್ತದೆ, ಬಾಡಿಗೆ ಇಳಿದಿರುತ್ತದೆ, ಕಾರ್ತಿಕ ಸ್ನಾನಕ್ಕೂ ಲೋಪವಿಲ್ಲ. ತುಳಸಿ ಹಬ್ಬ ಮುಗಿಸಿ ನಿಧಾನವಾಗಿ ಹೊರಡಿ. ಬಹುಳ ಏಕಾದಶಿ ಡಿಸೆಂಬರ್ ಮೊದಲ ವಾರದಲ್ಲಿ ಬರುತ್ತದೆ, ಅದಕ್ಕೆ ಮುನ್ನ ಮನೆ ಸೇರಿದರೆ ಪ್ರಯಾಣದಲ್ಲಿ ಉಪವಾಸದ ಕಷ್ಟವೂ ತಪ್ಪುತ್ತದೆ.

ಹಳೇ ಟ್ರಂಕು:
ಪುಟದವರು ಜಾಣರು. ಆದರೆ ತೀರ್ಥಕ್ಕೆ ಆ ಸ್ಥಳದ ಆಚಾರವೇ ಪ್ರಮಾಣವಲ್ಲವೇ? ಮಹಾಭಾರತದ ಶ್ಲೋಕ ಹೇಳುವುದು ಕಾರ್ತಿಕ ಹುಣ್ಣಿಮೆಯನ್ನು, ಧಾರವಾಡದ ಕಾರ್ತಿಕ ಬಹುಳವನ್ನಲ್ಲ.

ಪಂಚಾಂಗದ ಪುಟ:
ಹುಣ್ಣಿಮೆಯ ಫಲ ಹುಣ್ಣಿಮೆಗೇ, ಒಪ್ಪಿದೆ. ಆದರೆ ಸ್ನಾನದ ಸಂಕಲ್ಪದಲ್ಲಿ ಅವರು ಹೇಳುವ ಮಾಸ ಯಾವುದು? ತಾವು ಹುಟ್ಟಿನಿಂದ ಹೇಳಿಕೊಂಡು ಬಂದ ಪಂಚಾಂಗದ್ದು. ಮನೆಯಲ್ಲಿ ಅಮಾವಾಸ್ಯೆಯವರೆಗೆ ಕಾರ್ತಿಕ ದೀಪ ಹಚ್ಚುವವರು ಅಜ್ಮೇರಿನಲ್ಲಿ ಇಳಿದ ಕೂಡಲೇ ಮಾಸ ಬದಲಿಸಬೇಕೇ?

ಗಡಿಯಾಚೆ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ‘ಜಗತ್ತಿನಲ್ಲೇ ಬ್ರಹ್ಮನಿಗೆ ಇರುವುದು ಇದೊಂದೇ ಗುಡಿ’ ಎಂದು ಮಾರ್ಗದರ್ಶಕರು ಹೇಳಿದರೆ ತಲೆಯಾಡಿಸಿ ಬಿಡಿ. ಗುಜರಾತಿನ ಖೇಡಬ್ರಹ್ಮದಲ್ಲಿ ಇದೆ, ಅದೇ ರಾಜಸ್ಥಾನದ ಬಾಲೋತ್ರಾ ಹತ್ತಿರದ ಆಸೋತ್ರಾದಲ್ಲಿ ಇದೆ. ನಮ್ಮ ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು ಹೋದರೆ ಗೋವೆಯ ವಾಳಪೈ ಹತ್ತಿರ ಬ್ರಹ್ಮ ಕರಮಳಿ ಎಂಬ ಹಳ್ಳಿ. ಅಲ್ಲಿ ಕದಂಬರ ಕಾಲದ, ಆಳೆತ್ತರದ ಬ್ರಹ್ಮ ಇವತ್ತಿಗೂ ಪೂಜೆಗೊಳ್ಳುತ್ತಿದ್ದಾನೆ. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛಾವಣಿಯಲ್ಲಿದ್ದ ಬ್ರಹ್ಮನಂತೂ ಈಗ ಮುಂಬೈ ವಸ್ತುಸಂಗ್ರಹಾಲಯದ ಗೋಡೆಯಲ್ಲಿದ್ದಾನೆ. ಪೂಜೆ ಇಲ್ಲದ ಶಾಪ ನಿಜವಾಗಿ ತಟ್ಟಿದ್ದು ಅವನಿಗೆ.

ಮಲಪ್ರಭೆ:
‘ಗೋವೆಯಲ್ಲಿ ಬ್ರಹ್ಮದೇವರು ಇದ್ದಾರೆಂದು ಇಷ್ಟು ವರ್ಷ ನನಗೆ ಯಾರೂ ಏಕೆ ಹೇಳಲಿಲ್ಲ?’ ಎಂದು ಬೆಳಿಗ್ಗೆಯಿಂದ ವಿಚಾರಣೆ ನಡೆದಿದೆ. ಈಗ ಎರಡೂ ಆಗಬೇಕಂತೆ. ಗಡಿಯಾಚೆಯವರಿಗೆ ನನ್ನ ಪತಿಯ ಪರವಾಗಿ ವಿಶೇಷ ವಂದನೆ.

ಬ್ರಹ್ಮ ದೇವಸ್ಥಾನಕ್ಕೆ ಮೆಟ್ಟಿಲು ಎಷ್ಟಿವೆ? ಸಾವಿತ್ರಿ ಗುಡ್ಡಕ್ಕೆ ಅವರನ್ನು ಕರೆದೊಯ್ಯಬಹುದೇ?

ಅಜ್ಮೇರಿನ ಕನ್ನಡಿಗ:
ಬ್ರಹ್ಮನ ಗುಡಿಗೆ ಅಮೃತಶಿಲೆಯ ಮೆಟ್ಟಿಲುಗಳಿವೆ, ಕಡಿದಾಗಿಲ್ಲ. ಕೈ ಹಿಡಿದು ಒಂದೊಂದೇ ಹತ್ತಿಸಿದರೆ ಆಗುತ್ತದೆ. ಕೆಂಪು ಶಿಖರ, ಬಾಗಿಲ ಮೇಲೆ ಹಂಸ. ಒಳಗಿನ ನೆಲದಲ್ಲಿ ಭಕ್ತರು ಹಾಕಿಸಿದ ಬೆಳ್ಳಿ ನಾಣ್ಯಗಳನ್ನು ನೋಡಿ: ಹೆಸರು, ಇಸವಿ ಕೆತ್ತಿಸಿಕೊಂಡು ನೆಲದಲ್ಲಿ ಕೂತಿವೆ, ಜನ ಅವುಗಳನ್ನು ತುಳಿದುಕೊಂಡೇ ದರ್ಶನಕ್ಕೆ ಹೋಗುತ್ತಾರೆ. ಗರ್ಭಗುಡಿಯ ಎದುರು ನೆಲದಲ್ಲಿ ಬೆಳ್ಳಿಯ ಆಮೆ ಇದೆ. ಬ್ರಹ್ಮನ ಪಕ್ಕದಲ್ಲಿ ಗಾಯತ್ರಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಚೀಲ ಮತ್ತು ಕ್ಯಾಮೆರಾ ಒಳಗೆ ಬಿಡುವುದಿಲ್ಲ. ಆದ್ದರಿಂದ ಬೆಳಗಿನ ಸ್ನಾನ ಮುಗಿಸಿ ನೇರ ಅಲ್ಲಿಗೆ ಹೋಗಿ.

ಸಾವಿತ್ರಿಯ ಕತೆ ನಿಮಗೆ ಗೊತ್ತೇ ಇರುತ್ತದೆ. ಯಜ್ಞಕ್ಕೆ ಹೆಂಡತಿ ಬರುವುದು ತಡವಾಯಿತು, ಮುಹೂರ್ತ ಮೀರುತ್ತದೆಂದು ಬ್ರಹ್ಮ ಗಾಯತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ. ಬಂದು ನೋಡಿದ ಸಾವಿತ್ರಿ, ನಿನಗೆ ಪುಷ್ಕರ ಬಿಟ್ಟು ಬೇರೆಲ್ಲೂ ಪೂಜೆ ಇಲ್ಲ ಎಂದು ಶಪಿಸಿ ಗುಡ್ಡ ಹತ್ತಿ ಕುಳಿತಳು. ಆ ಗುಡ್ಡಕ್ಕೆ 2016ರಿಂದ ರೋಪ್‌ವೇ ಇದೆ, ಮಂಡಿಗೆ ತೊಂದರೆಯಿಲ್ಲ. ಮೇಲೆ ನಿಂತರೆ ಒಂದು ಕಡೆ ಸರೋವರ ಮತ್ತು ಬಿಳಿ ಘಟ್ಟಗಳು, ಇನ್ನೊಂದು ಕಡೆ ಮರಳು. ಗಾಯತ್ರಿಯ ಪಾಪಮೋಚನಿ ಗುಡಿ ಎದುರಿನ ಬೇರೆ ಗುಡ್ಡದಲ್ಲಿದೆ, ಅದನ್ನು ಹತ್ತಿಯೇ ಹೋಗಬೇಕು. ಕೆಳಗಿನಿಂದಲೇ ಕೈ ಮುಗಿಯಲಿ.

ಪುಳಿಯೋಗರೆ:
ಮೇಲುಕೋಟೆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗಾಗಿ ಒಂದು ಮಾತು. ಪುಷ್ಕರದಲ್ಲಿ ರಾಜಪುತ ಶಿಖರಗಳ ನಡುವೆ ಇದ್ದಕ್ಕಿದ್ದಂತೆ ನಮ್ಮ ಕಡೆಯ ಗೋಪುರ ಎದುರಾಗುತ್ತದೆ. ಹಳೆಯ ರಂಗಜೀ ದೇವಸ್ಥಾನವನ್ನು 1823ರಲ್ಲಿ ಕಟ್ಟಿಸಿದವರು ಹೈದರಾಬಾದಿನ ವ್ಯಾಪಾರಿ ಸೇಠ್ ಪೂರಣಮಲ್ ಗನೇರಿವಾಲ. ಹೊಸದು ವೈಕುಂಠನಾಥನದು, ಡೀಡವಾಣಾದ ಬಾಂಗಡ್ ಮನೆತನ 1920ರ ದಶಕದಲ್ಲಿ ಕಟ್ಟಿಸಿದ್ದು. ಪೂಜೆ ರಾಮಾನುಜ ಸಂಪ್ರದಾಯದ್ದು. ಮಾರವಾಡಿ ಸೇಠರು ದಕ್ಷಿಣಕ್ಕೆ ವ್ಯಾಪಾರಕ್ಕೆ ಬಂದು ಅಂಗಡಿ ಇಟ್ಟ ಕತೆಯನ್ನು ಎಲ್ಲರೂ ಹೇಳುತ್ತಾರೆ, ಹಿಂದಿರುಗುವಾಗ ಗೋಪುರ ಹೊತ್ತು ಹೋದದ್ದನ್ನು ಹೇಳುವವರು ಕಡಿಮೆ. ಊರಿನ ವರಾಹ ದೇವಸ್ಥಾನ ಅದಕ್ಕಿಂತ ಬಹಳ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಚೌಹಾಣ ದೊರೆ ಅರ್ಣೋರಾಜ ಕಟ್ಟಿಸಿದ್ದು. ಔರಂಗಜೇಬನ ಕಾಲದಲ್ಲಿ ಹಾಳಾಗಿ, 1727ರಲ್ಲಿ ಜಯಪುರದ ಸವಾಯಿ ಜಯಸಿಂಹ ಮತ್ತೆ ಕಟ್ಟಿಸಿದ. ಅಜ್ಮೇರಿನ ಆನಾ ಸಾಗರ ಕೆರೆಯೂ ಅದೇ ಅರ್ಣೋರಾಜನದು.

ಒಣ ಹವೆ:
ಮರಳಿನ ಮಾತು ಓದಿ ಇದನ್ನೆಲ್ಲ ಮರುಭೂಮಿ ಎಂದುಕೊಂಡರೆ ಸ್ವಲ್ಪ ಹೆಚ್ಚಾಯಿತು. ಪುಷ್ಕರ ಥಾರ್‌ನ ಪೂರ್ವದ ಅಂಚು. ಬೆಟ್ಟಗಳ ಸಂದಿಯಲ್ಲಿ ಗಾಳಿ ತಂದು ಸುರಿದ ಮರಳು ಅದು. ನಿಜವಾದ ಮರಳುಗಾಡಿನ ತೀರ್ಥ ಬೇಕಿದ್ದರೆ ಬಿಕಾನೇರಿನ ಆಚೆಯ ಕೋಲಾಯತಕ್ಕೆ ಹೋಗಿ. ಕಪಿಲ ಮುನಿಯ ಕ್ಷೇತ್ರ, ಅಲ್ಲಿಯೂ ಸರೋವರ, ಅಲ್ಲಿಯೂ ಕಾರ್ತಿಕ ಹುಣ್ಣಿಮೆಯ ಜಾತ್ರೆ.

ಒಂಟೆಯ ಮಾತು ಬಂದಿತಲ್ಲ, ಅದೂ ಹೇಳಿಬಿಡುತ್ತೇನೆ. ಜಾನುವಾರು ಗಣತಿಯಲ್ಲಿ ರಾಜಸ್ಥಾನದ ಒಂಟೆಗಳು 2012ರಲ್ಲಿ 3.26 ಲಕ್ಷ ಇದ್ದವು, 2019ರಲ್ಲಿ 2.13 ಲಕ್ಷಕ್ಕೆ ಇಳಿದವು. 2014ರಲ್ಲಿ ಒಂಟೆಗೆ ರಾಜ್ಯಪ್ರಾಣಿಯ ಪಟ್ಟ ಸಿಕ್ಕಿತು. 2015ರಲ್ಲಿ ಅದರ ವಧೆ ನಿಷೇಧಿಸಿ, ರಾಜ್ಯದ ಹೊರಗೆ ಸಾಗಿಸುವುದನ್ನೂ ಬಿಗಿ ಮಾಡುವ ಕಾನೂನು ಬಂತು. ಉದ್ದೇಶ ಒಳ್ಳೆಯದೇ. ಆದರೆ ಹೊರರಾಜ್ಯದ ಗಿರಾಕಿ ತಪ್ಪಿದ ಮೇಲೆ ಗಂಡು ಒಂಟೆಯ ಬೆಲೆ ಕುಸಿಯಿತು. ಉಳುಮೆ ಟ್ರಾಕ್ಟರಿನ ಪಾಲಾಗಿತ್ತು, ಗೋಮಾಳವೂ ಇಲ್ಲ. ಸಾಕುವ ರೈಕಾ ಜನರ ಮಕ್ಕಳು ಬೇರೆ ಕೆಲಸ ಹಿಡಿದರು. ಮಾರಲಾಗದ ಪ್ರಾಣಿಯನ್ನು ಪಟ್ಟ ಕಟ್ಟಿ ಉಳಿಸುತ್ತೇವೆ ಎಂದರೆ ಉಳಿಯುತ್ತದೆಯೇ? ಒಂಟೆ ಮೇಳ ಎಂಬ ಹೆಸರು ಇದ್ದರೂ ಮೈದಾನದಲ್ಲಿ ಈಗ ಮಾರವಾಡಿ ಕುದುರೆಗಳದೇ ದರಬಾರು.

ಖಾರದ ಕಡ್ಡಿ:
ನೀರು ಶುದ್ಧವಾಗಿದೆಯೇ ಎಂದು ಯಾರೂ ಕೇಳಲಿಲ್ಲ. 2009ರಲ್ಲಿ ಸರೋವರ ಬತ್ತಿ, ಕಾರ್ತಿಕ ಹುಣ್ಣಿಮೆಗೆ ಬಂದವರು ಕೊಳವೆಬಾವಿಯ ನೀರು ತುಂಬಿದ ತೊಟ್ಟಿಗಳಲ್ಲಿ ಮಿಂದು ಹೋದರು. ತೀರ್ಥರಾಜನ ಗತಿ!

ಅಜ್ಮೇರಿನ ಕನ್ನಡಿಗ:
ಅದು ಹೂಳೆತ್ತುವ ಕೆಲಸ ನಡೆಯುತ್ತಿದ್ದ ವರ್ಷ. ನೀರು ಖಾಲಿ ಮಾಡಿ ಮಣ್ಣು ತೆಗೆದರು, ಮಳೆ ಕೈಕೊಟ್ಟಿತು. ಮೂಲ ರೋಗ ಮಾತ್ರ ಹಳೆಯದು: ಗುಡ್ಡಗಳ ಮರ ಹೋಯಿತು, ಮಳೆಯ ಜೊತೆ ಮರಳು ಇಳಿದು ನೀರು ಬರುವ ಕಾಲುವೆಗಳೂ ಸರೋವರದ ತಳವೂ ತುಂಬಿದವು. ನವೆಂಬರ್‌ನಲ್ಲಿ ನೀರು ಎಷ್ಟಿರುತ್ತದೆ ಎಂಬುದು ಆ ವರ್ಷದ ಮಳೆಯ ಮಾತು. ಮಳೆ ಚೆನ್ನಾಗಿ ಆದ ವರ್ಷ ನೋಡಲು ಕಣ್ಣು ಸಾಲದು. ಪ್ರೋಕ್ಷಣೆ, ಸ್ನಾನಕ್ಕೆ ಸರಿ. ಕುಡಿಯಲು, ಆಚಮನಕ್ಕೆ ನಾನು ಯಾರಿಗೂ ಹೇಳುವುದಿಲ್ಲ. ತಂಬಿಗೆಯಲ್ಲಿ ಮನೆಯ ನೀರು ಒಯ್ದರೆ ಮಡಿಗೂ ಭಂಗವಿಲ್ಲ, ಹೊಟ್ಟೆಗೂ ಭಂಗವಿಲ್ಲ.

ಊಟದ ಬಗ್ಗೆ: ಪಟ್ಟಣದೊಳಗೆ ಮಾಂಸ, ಮೊಟ್ಟೆ, ಮದ್ಯ ಮೂರೂ ನಿಷಿದ್ಧ. ಆದರೆ ಈರುಳ್ಳಿ ಬೆಳ್ಳುಳ್ಳಿ ಧಾರಾಳ. ‘ಜೈನ ಊಟ’ ಎಂದು ಕೇಳಿದರೆ ಅವಿಲ್ಲದೆ ಮಾಡಿಕೊಡುತ್ತಾರೆ. ಅತ್ತೆಯವರು ಹೊರಗಿನದು ತಿನ್ನುವುದಿಲ್ಲವಾದರೆ ಅಡುಗೆಮನೆ ಇರುವ ಧರ್ಮಶಾಲೆ ವಿಚಾರಿಸಿ. ನೀವು ಮತ್ತು ನಿಮ್ಮ ಪತಿ ಮಾತ್ರ ಮಾಲ್‌ಪುವಾ ಬಿಡಬೇಡಿ. ಅಗಲ ಬಾಣಲೆಯ ತುಪ್ಪದಲ್ಲಿ, ರಬಡಿ ಬೆರೆಸಿದ ತೆಳು ಹಿಟ್ಟನ್ನು ಸೌಟಿನಿಂದ ಇಳಿಬಿಡುತ್ತಾರೆ. ಅದು ತಾನೇ ಹರಡಿಕೊಂಡು, ಅಂಚು ಕೆಂಪಗೆ ಜಾಲರಿಯಾಗುತ್ತದೆ, ನಡು ಮೆತ್ತಗೆ ಉಳಿಯುತ್ತದೆ. ಎತ್ತಿ ಪಾಕದಲ್ಲಿ ಅದ್ದಿ ಎಲೆದೊನ್ನೆಗೆ ಹಾಕುತ್ತಾರೆ. ನಿಂತುಕೊಂಡೇ ತಿನ್ನಬೇಕು. ಮನೆಗೆ ಒಯ್ಯಲು ಗುಲ್ಕಂದ್ ಇದೆ, ಅಲ್ಲಿಯದೇ ಗುಲಾಬಿಯದು.

ಮಲಪ್ರಭೆ:
ತೀರ್ಮಾನ ಆಯಿತು. ಹಳೇ ಟ್ರಂಕಿನವರ ಮಾತು, ಪುಟದವರ ಮಾತು ಎರಡನ್ನೂ ಅತ್ತೆಯವರ ಮುಂದಿಟ್ಟೆ. ‘ಹುಣ್ಣಿಮೆಗೆ ನೂರು ವರ್ಷದ ಅಗ್ನಿಹೋತ್ರದ ಫಲವಿದ್ದರೆ ಇರಲಿ, ಬಹುಳದಲ್ಲಿ ಐವತ್ತು ವರ್ಷದ್ದಾದರೂ ಕೊಟ್ಟಾರು. ನನಗೆ ಅಷ್ಟು ಸಾಕು’ ಎಂದರು. ತುಳಸಿ ಹಬ್ಬ ಮುಗಿಸಿ ಹುಣ್ಣಿಮೆ ಕಳೆದ ಮೇಲೆ ಹೊರಡುತ್ತೇವೆ. ಮೈಸೂರು–ಅಜ್ಮೇರ್ ರೈಲೇ ಸರಿಯೇ, ಅಥವಾ ವಿಮಾನವೇ?

ಹಳೇ ಟ್ರಂಕು:
ಹೋಗುವಾಗ ರೈಲು. ವಾರಕ್ಕೆ ಎರಡು ದಿನ ಇದೆ. ಹುಬ್ಬಳ್ಳಿಯಲ್ಲಿ ಹತ್ತಿದರೆ ಬೆಳಗಾವಿ, ಪುಣೆ, ಅಹಮದಾಬಾದ್ ಮೇಲೆ ನೇರ ಅಜ್ಮೇರಿಗೇ ಹೋಗಿ ಇಳಿಯುತ್ತೀರಿ, ಎಲ್ಲೂ ಗಾಡಿ ಬದಲಿಸುವ ರಗಳೆ ಇಲ್ಲ. ಹಿರಿಯ ನಾಗರಿಕರ ಕೋಟಾದಲ್ಲಿ ಕೆಳಗಿನ ಬರ್ತ್ ಕೇಳಿ. ಮುಂಗಡ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ಆ ಬೆಳಿಗ್ಗೆ ಮೈಮರೆಯಬೇಡಿ. ಬರುವಾಗ ದಣಿವು ಹೆಚ್ಚಾದರೆ ಜೈಪುರದಿಂದ ಬೆಂಗಳೂರಿಗೆ ವಿಮಾನ ಹಿಡಿಯಿರಿ, ಪುಷ್ಕರದಿಂದ ಜೈಪುರಕ್ಕೆ ಸುಮಾರು 150 ಕಿ.ಮೀ.

ಅಜ್ಮೇರಿನ ಕನ್ನಡಿಗ:
ಶಾಲು, ಸ್ವೆಟರ್ ಮರೆಯಬೇಡಿ. ಮಧ್ಯಾಹ್ನ ಬಿಸಿಲಿದ್ದರೂ ಆ ತಿಂಗಳಲ್ಲಿ ಬೆಳಗಿನ ಜಾವ ಘಟ್ಟದ ಕಲ್ಲು ಕಾಲಿಗೆ ಕೊರೆಯುತ್ತದೆ. ಸೂರ್ಯ ಬಂದು ಒಂದು ಗಂಟೆ ಕಳೆದ ಮೇಲೆ ಸ್ನಾನ ಇಟ್ಟುಕೊಳ್ಳಿ, ಅರುಣೋದಯಕ್ಕೇ ಆಗಬೇಕೆಂದು ಅತ್ತೆಯವರು ಹಟ ಹಿಡಿದರೆ ಪುಟದವರಿಂದ ಒಂದು ಶಾಸ್ತ್ರಾಧಾರ ಬರೆಸಿಕೊಂಡು ಬನ್ನಿ. ಅಜ್ಮೇರಿನಲ್ಲಿ ಇಳಿಯುವ ದಿನ ಇಲ್ಲಿಯೇ ತಿಳಿಸಿ, ಸ್ಟೇಷನ್ನಿಗೆ ಬರುತ್ತೇನೆ. ಮನೆಯಲ್ಲಿ ಮಡಿಯ ಅಡುಗೆಗೆ ಒಲೆ ಸಿದ್ಧವಿರುತ್ತದೆ. ಬದಲಿಗೆ ಒಂದು ಕಿಲೋ ಧಾರವಾಡ ಪೇಡ ತಂದರೆ ಸಾಕು.

ಮಲಪ್ರಭೆ:
ಎರಡು ಕಿಲೋ ತರುತ್ತೇವೆ. ನೀವು ಯಾರ ಪೈಕಿ ಎಂಬ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಟ್ಟುಕೊಂಡಿರಿ. ಗೋತ್ರವನ್ನೂ ಕೇಳುತ್ತಾರೆ, ದಕ್ಷಿಣೆ ಮಾತ್ರ ಕೇಳುವುದಿಲ್ಲ.